ಐಸಮ್ಮ ಮಾಮಿಯ ಒಗೆಯುವ ಕಲ್ಲು

ನಮ್ಮ ಮನೆಯ ಬಾವಿಕಟ್ಟೆಯ ಬಳಿ ಸಿಮೆಂಟಿನ ಒಂದು ಒಗೆಯುವ ಕಲ್ಲಿದೆ. ಕಲ್ಲು ಎಂದು ಕರೆಯುವುದು ಮರ್ಯಾದೆಗೆ. ಅದನ್ನು ಎರಕ ಹೊಯ್ದವನು ನಾನು. ಈ ಲೋಕದಲ್ಲಿ ನಾನು ಕೈಯಾರೆ ಕಟ್ಟಿದ್ದು ಅದೊಂದೇ, ಅದೂ ಓರೆಯಾಗಿದೆ. ತೆಂಗಿನ ಬುಡಕ್ಕೆ ಹರಿಯಬೇಕಾದ ನೀರು ಒಗೆಯುವವರ ಪಾದಕ್ಕೇ ಬರುತ್ತದೆ. ಮದುವೆಯಾಗಿ ಬಂದ ಮೊದಲ ವಾರವೇ ನನ್ನ ಹೆಂಡತಿ, “ಇದನ್ನು ಮಾಡಿದ ಮೇಸ್ತ್ರಿ ಯಾರು?” ಎಂದು ಕೇಳಿದ್ದಳು. ನಾನು ಪೇಪರಿನ ಪುಟ ಮಗುಚಿದೆ.

ಕಳೆದ ತಿಂಗಳು ಮಗ ಬಟ್ಟೆ ಒಗೆಯುವ ಮೆಷಿನ್ ತಂದಿಟ್ಟ. “ಇನ್ನು ಆ ಕಲ್ಲು ಎಂತಕ್ಕೆ? ಒಡೆದು ತೆಗೆದರೆ ಸ್ಕೂಟರ್ ನಿಲ್ಲಿಸಲಿಕ್ಕೆ ಜಾಗ ಆಗ್ತದೆ” ಎಂದ. ನಾನು ಬೇಡ ಎಂದೆ. ಹೆಂಡತಿ ನಕ್ಕಳು. “ಅದು ನಿನ್ನ ಉಪ್ಪನ ತಾಜಮಹಲು. ಮುಟ್ಟಬೇಡ” ಎಂದು ಮಗನಿಗೆ ಹೇಳಿದಳು. ಉಪ್ಪ ಎಂದರೆ ನಮ್ಮಲ್ಲಿ ಅಪ್ಪ. ತಮಾಷೆಗೆ ಹೇಳಿದ ಮಾತು, ಆದರೆ ಅದು ಗೋರಿಯ ಹತ್ತಿರವೇ ಹೋಗಿ ನಿಂತಿತು. ಆ ಕಲ್ಲಿನ ಕತೆ ಗೋರಿಯದೇ. ಮಗನಿಗೆ ಸರಿಯಾಗಿ ಹೇಳಿರಲಿಲ್ಲ, ನಿಮಗೂ ಹೇಳಿಬಿಡುತ್ತೇನೆ. ನಮ್ಮ ಮನೆಮಾತು ಬ್ಯಾರಿ, ಈ ಕತೆ ನಡೆದ ಗುಡ್ಡೆಯಲ್ಲಿ ಆಡಿದ್ದೆಲ್ಲ ತುಳು. ಕನ್ನಡ ನಾನು ಶಾಲೆಯಲ್ಲಿ ಕಲಿತು ಶಾಲೆಯಲ್ಲೇ ಕಲಿಸಿದ್ದು. ಹಾಗಾಗಿ ಎಲ್ಲರ ಬಾಯಿಗೂ ಕನ್ನಡ ತೊಡಿಸಿ ಹೇಳುತ್ತಿದ್ದೇನೆ, ಅಳತೆ ಎಲ್ಲಿಯಾದರೂ ಬಿಗಿಯಾದರೆ ಕ್ಷಮಿಸಿ.

ಮಾಮಿ ಎಂದರೆ ನಮ್ಮಲ್ಲಿ ತಂದೆಯ ಅಕ್ಕ. ಐಸಮ್ಮ ಮಾಮಿ ಸಣ್ಣ ಪ್ರಾಯದಲ್ಲೇ ಗಂಡನನ್ನು ಕಳೆದುಕೊಂಡು, ಮಕ್ಕಳಿಲ್ಲದೆ, ಬಂದರಿನ ನಮ್ಮ ಮನೆಯಲ್ಲಿ ಇದ್ದವರು. ಇದ್ದವರು ಎಂದರೆ ತಪ್ಪಾಗುತ್ತದೆ. ಮನೆ ಅವರದು, ಅಲ್ಲಿ ಇದ್ದವರು ನಾವು. ನನ್ನ ಉಪ್ಪ ಹಗ್ಗದ ವ್ಯಾಪಾರಿ. ಮಂಜಿಗಳಿಗೆ, ಅಂದರೆ ಸರಕಿನ ಹಾಯಿಹಡಗುಗಳಿಗೆ, ಹುರಿಹಗ್ಗ ಮಾರುತ್ತಿದ್ದರು. ಸಮುದ್ರವನ್ನೇ ಹೆದರಿಸುವಂಥ ತಂಡೇಲರು, ಆ ಮಂಜಿಗಳ ನಾಯಕರು, ಅಂಗಡಿಗೆ ಬಂದು ಉಪ್ಪನ ಬೈಗಳು ತಿಂದು ಹೋಗುತ್ತಿದ್ದರು. ಅದೇ ಉಪ್ಪ ಮನೆಯ ಹೊಸ್ತಿಲು ದಾಟುವಾಗ ಅಕ್ಕನ ಮುಖ ನೋಡಿಕೊಂಡು ಒಳಗೆ ಬರುತ್ತಿದ್ದರು. ಕಾರಣ ಇತ್ತು. ಅವರ ತಾಯಿ ತೀರಿಹೋದಾಗ ಮಾಮಿಗೆ ಏಳು ವರ್ಷ, ಉಪ್ಪನಿಗೆ ಒಂದೂವರೆ. ಉಪ್ಪನನ್ನು ಸೊಂಟದ ಮೇಲೆ ಹೊತ್ತು ದೊಡ್ಡದು ಮಾಡಿದವರು ಆ ಏಳು ವರ್ಷದ ಮಾಮಿ.

ಮನೆಯಲ್ಲಿ ಎಲ್ಲ ಕೆಲಸವನ್ನೂ ಬೇರೆಯವರಿಗೆ ಬಿಟ್ಟುಕೊಟ್ಟರೂ ಬಟ್ಟೆ ಒಗೆಯುವುದನ್ನು ಮಾತ್ರ ಮಾಮಿ ಬಿಟ್ಟುಕೊಡಲಿಲ್ಲ. ಆಗ ಬಾವಿಕಟ್ಟೆಯ ಬಳಿ ಇದ್ದದ್ದು ನಿಜವಾದ ಕಲ್ಲು. ಎರಡು ಕೆಂಪುಕಲ್ಲುಗಳ ಮೇಲೆ ಇಳಿಜಾರಾಗಿ ಮಲಗಿಸಿದ್ದ, ಮೂರು ಮೊಳ ಉದ್ದದ ಚಪ್ಪಡಿ. ಒಂದು ತುದಿ ಕಿರಿದಾಗುತ್ತಾ ಹೋಗಿ ಚೂಪಾಗಿತ್ತು, ಬಾರ್ ಸೋಪು ಇಡಲಿಕ್ಕೆ ಮಾಮಿಗೆ ಅದೇ ಜಾಗ. ಇಷ್ಟನ್ನು ನಾನು ಈಗ ಹೇಳುತ್ತಿದ್ದೇನೆ ಅಷ್ಟೆ. ಆಗ ಕೇಳಿದ್ದರೆ ಅದರ ಬಣ್ಣ ಕೂಡ ನನಗೆ ಗೊತ್ತಿರಲಿಲ್ಲ. ದಿನಾ ಅದರ ಪಕ್ಕವೇ ನಿಂತು ನೀರು ಸೇದಿ ಮಿಂದವನು ನಾನು. ಗಂಡಸರ ಕಣ್ಣಿಗೆ ಒಗೆಯುವ ಕಲ್ಲು ಬೀಳುವುದಿಲ್ಲ. ಒಗೆದ ಬಟ್ಟೆ ಬೀಳುತ್ತದೆ, ಅದೂ ಅಂಗಿಯ ಗುಂಡಿ ಕಿತ್ತುಹೋಗಿದ್ದರೆ.

ನಮ್ಮ ಜಿಲ್ಲೆ ಮದ್ರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಎರಡು ಮೂರು ವರ್ಷ ಆಗಿದ್ದಿರಬೇಕು. ನಾನು ಶಾಲೆಗೆ ಮಾಷ್ಟ್ರಾಗಿ ಸೇರಿದ್ದೆ, ಬೇಸಗೆ ರಜೆ ಶುರುವಾಗಿತ್ತು. ಮಾಮಿ ಒಂದು ವಾರ ಜ್ವರದಲ್ಲಿ ಮಲಗಿ ಎದ್ದಿದ್ದರು. ಎದ್ದ ದಿನವೇ, ಮಧ್ಯಾಹ್ನ ಉಪ್ಪನ ಬಟ್ಟಲಿಗೆ ಮೀನುಸಾರು ಬಡಿಸುತ್ತಾ ಕೇಳಿದರು.

“ಅದ್ರಾಮ, ನಾನು ಸತ್ತರೆ ನನ್ನನ್ನು ಎಲ್ಲಿ ಹಾಕ್ತಿ?”

“ಎಂತ ಮಾತು ಅಕ್ಕ ಇದು, ಊಟದ ಹೊತ್ತಿಗೆ?”

“ಬೇರೆ ಹೊತ್ತಿಗೆ ನೀನು ಮನೆಯಲ್ಲಿ ಇರ್ತೀಯಾ? ಹೇಳು.”

“ಎಲ್ಲರನ್ನೂ ಹಾಕುವಲ್ಲಿಗೆ. ಮಸೀದಿಯ ಖಬರಸ್ಥಾನ ಉಂಟಲ್ಲ.”

“ಅಲ್ಲಿ ನನಗೆ ಗುರ್ತದವರು ಯಾರೂ ಇಲ್ಲ. ನನ್ನನ್ನು ಉಮ್ಮನ ಪಕ್ಕ ಹಾಕು.”

ಉಪ್ಪನ ಕೈ ಬಟ್ಟಲಲ್ಲೇ ನಿಂತಿತು. ಉಮ್ಮ, ಅಂದರೆ ಅವರಿಬ್ಬರ ತಾಯಿ, ಎಲ್ಲಿ ಮಲಗಿದ್ದಾರೆ ಎಂದು ಯಾರಿಗೂ ಗೊತ್ತಿರಲಿಲ್ಲ.

ನಮ್ಮ ಹಿರಿಯರು ಮೊದಲು ಇದ್ದದ್ದು ಊರಿನ ಮೂಡಬದಿಗೆ, ಕುಲಶೇಖರದ ಆಚೆಯ ಗುಡ್ಡೆಯಲ್ಲಿ. ಅಲ್ಲಿ ಮನೆ, ಮನೆಗೆ ತಾಗಿದ ಹಿತ್ತಿಲು, ಹಿತ್ತಿಲಿನ ಕೊನೆಗೆ ಮನೆತನದ್ದೇ ಒಂದು ಸಣ್ಣ ಖಬರಸ್ಥಾನ. ಉಪ್ಪನಿಗೆ ಇಪ್ಪತ್ತು ವರ್ಷ ಆಗುವಾಗ ಅಜ್ಜ ಆ ಮನೆಯನ್ನು ಕಳಚಿ, ಅದರ ಮರ, ಹಂಚು, ಕಲ್ಲುಗಳನ್ನು ಎತ್ತಿನ ಗಾಡಿಯಲ್ಲಿ ಹೇರಿಸಿ ತಂದು ಬಂದರಿನಲ್ಲಿ ಈಗಿನ ಮನೆ ಕಟ್ಟಿದರು. ಗುಡ್ಡೆಯ ಜಾಗ ಬೇರೆಯವರ ಕೈಗೆ ಹೋಯಿತು. ಖಬರಸ್ಥಾನವೊಂದು ನಮ್ಮ ಹೆಸರಲ್ಲಿ ಉಳಿಯಿತು, ಕಾಗದದಲ್ಲಿ. ಅಜ್ಜನ ಮೊಣಕಾಲು ಹೋದ ಮೇಲೆ ಆ ಕಡೆ ಹೋಗುವವರು ಇಲ್ಲವಾದರು. ಗುಡ್ಡೆ ತುಂಬ ಗೇರು ಬೆಳೆಯಿತು, ಗೇರಿನ ಅಡಿಯಲ್ಲಿ ಕಾಡು ಬೆಳೆಯಿತು.

ಇನ್ನೊಂದು ಸಂಗತಿ. ನಮ್ಮಲ್ಲಿ ಹೆಂಗಸರು ಖಬರಸ್ಥಾನಕ್ಕೆ ಹೋಗುವ ಪದ್ಧತಿ ಇಲ್ಲ. ಮಾಮಿ ತಾಯಿಯ ಖಬರನ್ನು, ಅಂದರೆ ಗೋರಿಯನ್ನು, ಒಮ್ಮೆಯೂ ನೋಡಿದವರಲ್ಲ. ಉಪ್ಪ ಚಿಕ್ಕವರಿದ್ದಾಗ ಅಜ್ಜನ ಬೆರಳು ಹಿಡಿದುಕೊಂಡು ಒಂದೆರಡು ಸಲ ಹೋಗಿದ್ದರು, ಅವರಿಗೆ ನೆನಪಿದ್ದದ್ದು ದಾರಿಯಲ್ಲಿ ತಿಂದ ಕುಂಟಲ ಹಣ್ಣು ಮಾತ್ರ. ಹೀಗೆ ನಮ್ಮ ಮನೆಯಲ್ಲಿ ನೋಡಿದವರು ಮರೆತಿದ್ದರು, ನೆನಪಿಟ್ಟವರು ನೋಡಿರಲಿಲ್ಲ.

“ಅಂಗಳದಲ್ಲಿ ನಿಂತು ನೋಡಿದ್ದೇನೆ” ಎಂದರು ಮಾಮಿ. “ಉಮ್ಮನನ್ನು ಹೊತ್ತುಕೊಂಡು ಬಾವಿ ದಾಟಿ ಹೋದರು. ಪುನರ್ಪುಳಿ ಮರದ ಹತ್ತಿರ ತಿರುಗಿದರು. ಮತ್ತೆ ಕಾಣಲಿಲ್ಲ. ನೀನು ನನ್ನ ಸೊಂಟದಲ್ಲಿ ಇದ್ದಿ, ಕೆಳಗೆ ಇಳಿಸು ಅಂತ ಕೂಗ್ತಾ ಇದ್ದಿ. ಉಮ್ಮನಿಗೆ ಕರಿಕಲ್ಲು ಹಾಕಿದ್ದಾರೆ, ಎಲ್ಲರ ಹಾಗೆ ಕೆಂಪುಕಲ್ಲು ಅಲ್ಲ. ಬಾಪ ಎಲ್ಲಿಂದಲೋ ಮಂಜಿಯಲ್ಲಿ ತರಿಸಿದ್ದು. ಹತ್ತು ದಿನ ಅಂಗಳದ ಹಲಸಿನ ಮರಕ್ಕೆ ಒರಗಿಸಿ ಇಟ್ಟಿದ್ದರು. ಮೂರು ಕಲ್ಲು. ನಾನು ಒಂದರ ಮೇಲೆ ಕೂತು ಬೈಸಿಕೊಂಡಿದ್ದೇನೆ.”

ಬಾಪ ಎಂದರೆ ಅವರ ತಂದೆ, ನನ್ನ ಅಜ್ಜ. ಮೂರು ಎಂದು ಒತ್ತಿ ಹೇಳಿದ್ದಕ್ಕೆ ಅರ್ಥ ಇತ್ತು. ಖಬರಿನ ಮೇಲೆ ನಿಲ್ಲಿಸುವ ಕಲ್ಲಿಗೆ ನಾವು ಮೀಸಾನ್ ಕಲ್ಲು ಎನ್ನುತ್ತೇವೆ. ನಮ್ಮ ಮನೆತನದ ರೂಢಿಯಲ್ಲಿ ಗಂಡಸರಿಗೆ ಎರಡು, ತಲೆಗೊಂದು, ಕಾಲಿಗೊಂದು. ಹೆಂಗಸರಿಗೆ ನಡುವೆ ಇನ್ನೊಂದು ಸೇರಿ ಮೂರು. ಹೆಸರು ಕೆತ್ತುವ ಅಭ್ಯಾಸ ಇಲ್ಲ. ಎಣಿಸಿಯೇ ತಿಳಿಯಬೇಕು.

ಉಪ್ಪನಿಗೆ ಅಂಗಡಿ ಬಿಡಲಿಕ್ಕಾಗುವುದಿಲ್ಲ, ನನಗೆ ರಜೆ. ಒಂದು ಹೊಸ ಕತ್ತಿ, ಒಂದು ಬುತ್ತಿ, ಒಂದು ಕೊಡೆ ಹಿಡಿದು ಬಸ್ಸು ಹತ್ತಿದೆ. ಕತ್ತಿ ಹಿಡಿದವರೆಲ್ಲ ಕಾಡು ಕಡಿಯುತ್ತಾರೆ ಎಂದು ನಂಬಿದ್ದ ಪ್ರಾಯ. ಮೊದಲ ದಿನ ನಾನು ಕಡಿದದ್ದು ನನ್ನ ಚಪ್ಪಲಿಯ ಬಾರು. ಎರಡನೆಯ ದಿನ ಗೇರಿನ ಕೊಂಬೆಯೊಂದನ್ನು ಎಳೆದು ಅದರಲ್ಲಿದ್ದ ಚಗಳಿ ಇರುವೆಗಳ ಗೂಡನ್ನು ತಲೆಯ ಮೇಲೆ ಸುರಿದುಕೊಂಡೆ. ಆಮೇಲೆ ನಾನು ಕುಣಿದದ್ದಕ್ಕೆ ಸಾಕ್ಷಿ ಇರಲಿಲ್ಲ ಎಂದುಕೊಂಡಿದ್ದೆ. ಇತ್ತು. ಮೂರನೆಯ ದಿನ ಆ ಸಾಕ್ಷಿಯೇ ಬೀಡಿ ಸೇದುತ್ತಾ ಎದುರು ಬಂದು ನಿಂತಿತು.

ಅವನು ದೂಮಣ್ಣ, ಪಕ್ಕದ ಗೇರುತೋಟವನ್ನು ನೋಡಿಕೊಳ್ಳುವವನು. “ಮೂರು ದಿನದಿಂದ ಎಂತ ಹುಡುಕ್ತಾ ಇದ್ದೀರಿ ಅಂತ ಕೇಳುವ ಅಂತ ಇದ್ದೆ. ಸರ್ವೆಯವರು ಅಂತ ಎಣಿಸಿದೆ. ನಿನ್ನೆ ಕುಣಿದದ್ದು ನೋಡಿ ಅಲ್ಲ ಅಂತ ಗೊತ್ತಾಯಿತು.”

ನಾನು ವಿಷಯ ಹೇಳಿದೆ. ಅವನು ಬೀಡಿಯನ್ನು ಆರಿಸಿ ಕಿವಿಗೆ ಸಿಕ್ಕಿಸಿಕೊಂಡು, “ಬ್ಯಾರಿಗಳ ಆ ಜಾಗವಾ? ಅದು ಇಲ್ಲಿಯೇ ಉಂಟಲ್ಲ ಮಾಷ್ಟ್ರೆ” ಎಂದು ನಾನು ಬುತ್ತಿ ಇಟ್ಟಿದ್ದ ಪೊದೆಯನ್ನೇ ತೋರಿಸಿದ. “ನಮ್ಮ ಅಪ್ಪ ಹೇಳ್ತಿದ್ದರು, ಅಲ್ಲಿ ದನ ಕಟ್ಟಬಾರದು, ಗೇರುಬೀಜ ಬಿದ್ದರೂ ಹೆಕ್ಕಬಾರದು ಅಂತ. ನಾನೂ ಹೆಕ್ಕಲಿಲ್ಲ.”

ನಾವು ಮರೆತ ಜಾಗವನ್ನು ನೆನಪಿಟ್ಟುಕೊಂಡಿದ್ದವನು, ನಮ್ಮ ಪೈಕಿ ಯಾರೂ ಕೇಳದಿದ್ದ ಮನುಷ್ಯ. ಪುನರ್ಪುಳಿ ಮರದ ಬಗ್ಗೆ ವಿಚಾರಿಸಿದೆ. ಹತ್ತು ಮಾರು ದೂರದಲ್ಲಿ, ಗುಡ್ಡೆಯ ಇಳಿಜಾರಿನ ಕೆಳಗೆ ನೀರು ಹರಿಯುವ ತೋಡಿನ ಬದಿಗೆ ತೋರಿಸಿದ. ಮರ ಈಗಲೂ ಇತ್ತು. ಅದನ್ನು ನೋಡಿದ ಮೇಲೆ ನನಗೂ ಮೈಯಲ್ಲಿ ಬಲ ಬಂತು, ಕತ್ತಿಯನ್ನು ದೂಮಣ್ಣನ ಕೈಗೆ ಕೊಟ್ಟೆ.

ಮುಂದಿನ ಹನ್ನೆರಡು ದಿನ ನನ್ನ ಜೀವನದ ಒಳ್ಳೆಯ ದಿನಗಳು. ಬೆಳಿಗ್ಗೆ ಬಸ್ಸಿಳಿದು ಗುಡ್ಡೆ ಹತ್ತುವಾಗ ಹಣ್ಣಾದ ಗೇರಿನ ವಾಸನೆ. ದೂಮಣ್ಣ ಕಡಿಯುವುದು, ನಾನು ಎಳೆದು ಹಾಕುವುದು. ಮುಳ್ಳಿನ ಬಳ್ಳಿಗಳು ಒಂದಕ್ಕೊಂದು ಹೆಣೆದು ಬುಟ್ಟಿಯ ಹಾಗಾಗಿದ್ದವು. ಒಂದು ಕಡೆ ಕಡಿದರೆ ಇನ್ನೊಂದು ಕಡೆ ಅಲುಗುತ್ತಿದ್ದವು. ಮಧ್ಯಾಹ್ನ ಇಬ್ಬರೂ ನೆರಳಿಗೆ ಕೂರುತ್ತಿದ್ದೆವು. ಮಾಮಿ ದಿನಾ ಎರಡು ಕಟ್ಟು ಕಳಿಸುತ್ತಿದ್ದರು. ನನಗೆ ಅಕ್ಕಿರೊಟ್ಟಿ, ಮೀನಿನ ಗಸಿ. ದೂಮಣ್ಣನಿಗೆ ನಮ್ಮ ಅಡಿಗೆ ನಡೆಯುತ್ತದೋ ಇಲ್ಲವೋ ಎಂದು ಅವಲಕ್ಕಿ, ಬೆಲ್ಲ, ಬಾಳೆಹಣ್ಣು, ಬೇರೆಯೇ ಬಟ್ಟೆಯಲ್ಲಿ. ಅವನು ಮೂರು ದಿನ ಅವಲಕ್ಕಿ ತಿಂದ. ನಾಲ್ಕನೆಯ ದಿನ ನನ್ನ ಗಸಿಯ ಕಡೆ ನೋಡಿ, “ಬಂಗುಡೆಯಾ ಮಾಷ್ಟ್ರೆ?” ಎಂದು ಕೇಳಿದ. ಆಮೇಲೆ ಅವಲಕ್ಕಿ ತಿಂದವನು ನಾನು.

ಒಟ್ಟು ಏಳು ಖಬರುಗಳು ಹೊರಗೆ ಬಂದವು. ಆರು ಕೆಂಪುಕಲ್ಲಿನವು, ಮಳೆಗೆ ಸವೆದು ಬೆಲ್ಲದ ಅಚ್ಚಿನಂತಾಗಿದ್ದವು. ನಾಲ್ಕಕ್ಕೆ ಎರಡೆರಡು ಕಲ್ಲು, ಎರಡಕ್ಕೆ ಮೂರು ಮೂರು. ಏಳನೆಯದು ಎಲ್ಲಕ್ಕಿಂತ ಕೆಳಗೆ, ಇಳಿಜಾರಿನ ಅಂಚಿನಲ್ಲಿ. ಅದರ ಮೇಲಿನ ಬೇರನ್ನು ದೂಮಣ್ಣ ಎಳೆದಾಗ ಕರಿಕಲ್ಲು ಕಾಣಿಸಿತು. ನಾನು ಕಲ್ಲು ಎಣಿಸತೊಡಗಿದೆ. ತಲೆಯ ಕಡೆ ಒಂದು, ವೀಳ್ಯದೆಲೆಯ ತುದಿಯ ಹಾಗೆ ಕೆತ್ತಿದ್ದು, ಅದರಲ್ಲಿ ಎಂಟು ಎಸಳಿನ ಪುಟ್ಟ ಹೂ. ಕಾಲಿನ ಕಡೆ ಅಂಥದೇ ಇನ್ನೊಂದು. ನಡುವೆ ಬರೀ ಮಣ್ಣು. ಇಬ್ಬರೂ ಮಂಡಿಯೂರಿ ಕೈಯಿಂದ ಕೆದಕಿದೆವು. ಏನೂ ಇರಲಿಲ್ಲ.

ಮರುದಿನ ಉಪ್ಪ ಅಂಗಡಿ ಮುಚ್ಚಿ ಬಂದರು, ಜೊತೆಗೆ ಹತ್ತಿರದ ಸಂಬಂಧಿಕರು ಐದಾರು ಜನ. ಉಪ್ಪ ಏಳು ಖಬರುಗಳನ್ನೂ ಸರಕು ನೋಡುವ ಹಾಗೆ ಸುತ್ತು ಹಾಕಿ ನೋಡಿದರು. “ಎರಡು ಕಲ್ಲೆಂದರೆ ಗಂಡಸು. ಕರಿಕಲ್ಲು ಹಾಕಿಸುವ ತಾಕತ್ತು ಆಗ ಯಾರಿಗೆ ಇತ್ತು? ಮುತ್ತಜ್ಜನಿಗೆ. ಇದು ಮುತ್ತಜ್ಜ” ಎಂದು ತೀರ್ಪು ಕೊಟ್ಟರು. ಎಲ್ಲರೂ ಒಪ್ಪಿದರು. ಕುರಾನಿನ ಯಾಸೀನ್ ಅಧ್ಯಾಯ ಓದಿ ದುವಾ ಮಾಡಿದೆವು. ಒಬ್ಬರು ಮುತ್ತಜ್ಜನ ಧೈರ್ಯ ಹೊಗಳಿದರು, ಇನ್ನೊಬ್ಬರು ಅವರ ಮೀಸೆಯನ್ನು. ಯಾರೂ ಅವರನ್ನು ನೋಡಿದವರಲ್ಲ. ನಾನೂ ಆ ಕಲ್ಲಿನ ಎದುರು ನಿಂತು ನಮ್ಮ ವಂಶದ ಗಂಡಸರ ಸಾಹಸದ ಬಗ್ಗೆ ಒಂದು ಸಣ್ಣ ಭಾಷಣ ಬಿಗಿದೆ. ಮಾಷ್ಟ್ರಲ್ಲವೇ, ನಾಲ್ಕು ಜನ ಸಾಲಾಗಿ ನಿಂತರೆ ಬಾಯಿ ಸುಮ್ಮನಿರುವುದಿಲ್ಲ.

ಸಂಜೆ ಮಾಮಿ ಬಾಗಿಲಲ್ಲೇ ಕಾದಿದ್ದರು. ಉಪ್ಪ ಹೇಳಿದ್ದನ್ನೆಲ್ಲ ಕೇಳಿದರು.

“ನಡುವೆ ಕಲ್ಲು ಇರಲಿಲ್ಲವಾ?”

“ಇಲ್ಲ ಅಕ್ಕ. ಮೂರು ಕಲ್ಲಿನದ್ದು ಎರಡು ಉಂಟು, ಎರಡೂ ಕೆಂಪುಕಲ್ಲು. ಅದರಲ್ಲಿ ಒಂದು ಉಮ್ಮನದ್ದು ಇರಬಹುದು. ನೀನು ಆಗ ಸಣ್ಣವಳು, ಬಣ್ಣ ಮರೆತಿರಬಹುದು.”

“ಏಳು ವರ್ಷದ ಮಗುವಿಗೆ ಕಪ್ಪು ಯಾವುದು, ಕೆಂಪು ಯಾವುದು ಗೊತ್ತಾಗ್ತದೆ ಅದ್ರಾಮ. ಮೂರರವರೆಗೆ ಎಣಿಸಲಿಕ್ಕೂ ಬರ್ತದೆ.”

ಮಾಮಿ ಒಳಗೆ ಹೋಗುವಾಗ, “ಇರಬಹುದು ಅನ್ನುವವರ ಪಕ್ಕ ನನಗೆ ಮಲಗಲಿಕ್ಕೆ ಆಗುವುದಿಲ್ಲ. ಎಲ್ಲಿಯಾದರೂ ಹಾಕಿ” ಎಂದರು. ಅವರು ಸಿಟ್ಟು ಮಾಡಿದ್ದರೆ ನಮಗೆ ಅಭ್ಯಾಸ ಇತ್ತು. ಇದು ಸಿಟ್ಟಲ್ಲ. ಹನ್ನೆರಡು ದಿನದ ನನ್ನ ಸಂತೋಷವೆಲ್ಲ ಆ ಒಂದು ಮಾತಿಗೆ ಇಳಿದುಹೋಯಿತು. ಆ ದಿನ ಯಾರೂ ಸರಿಯಾಗಿ ಉಣ್ಣಲಿಲ್ಲ.

ಮರುದಿನ ಬೆಳಿಗ್ಗೆ ಮಾಮಿ ಬಾವಿಕಟ್ಟೆಯಲ್ಲಿ ನನ್ನ ಅಂಗಿಯೊಂದಿಗೆ ಕಾಳಗ ನಡೆಸಿದ್ದರು. ಗೇರುಹಣ್ಣಿನ ಕರೆ ಹತ್ತಿದರೆ ಬಟ್ಟೆ ಹರಿಯುವವರೆಗೂ ಹೋಗುವುದಿಲ್ಲ. ನಾನು ಮುಖ ತೊಳೆಯಲು ಹೋದವನು, ಅವರ ಮನಸ್ಸು ಸ್ವಲ್ಪ ಹಗುರ ಮಾಡುವ ಎಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತೆ.

“ಆ ಕರಿಕಲ್ಲು ಹೇಗುಂಟು ಮೋನೆ?” ಎಂದು ಅವರೇ ಕೇಳಿದರು. ಮೋನೆ ಎಂದರೆ ಮಗನೇ ಎಂದು.

ನಾನು ಕೈಯಲ್ಲಿ ಅಳತೆ ತೋರಿಸಿದೆ. ಅವರಿಗೆ ತಿಳಿಯಲಿಲ್ಲ. ಕಪ್ಪುಹಲಗೆಯ ಮನುಷ್ಯ ನಾನು, ಬರೆಯದೆ ವಿವರಿಸಲು ಬಾರದು. ಸೋಪಿನ ತುಂಡು ತೆಗೆದುಕೊಂಡು ಒದ್ದೆ ಕಲ್ಲಿನ ಮೇಲೆಯೇ ಗೆರೆ ಎಳೆದೆ. ಎರಡು ಬದಿಯ ನೇರ ಗೆರೆ, ಮೇಲೆ ಬರುವಾಗ ಭುಜದ ಹಾಗೆ ಒಳಗೆ ಬಾಗಿ, ಕೊನೆಗೆ ವೀಳ್ಯದೆಲೆಯ ಚೂಪು. ಚೂಪು ಬರೆಯಲು ಕಲ್ಲಿನ ತುದಿಗೇ ಹೋಗಬೇಕಾಯಿತು. ಬರೆಯುತ್ತಾ ಇದ್ದ ಹಾಗೆ ಒಂದು ವಿಚಿತ್ರ ಆಯಿತು. ನಾನು ಎಳೆದ ಗೆರೆಯೂ ಕಲ್ಲಿನ ಅಂಚೂ ಒಂದೇ ಆಗಿ, ಗೆರೆ ಎಳೆಯಲು ಜಾಗ ಉಳಿಯಲಿಲ್ಲ.

ಮಾಮಿ ಅಂಗಿಯನ್ನು ಬಕೇಟಿಗೆ ಹಾಕಿದರು. ತುದಿಯಲ್ಲಿ ಅಂಟಿದ್ದ ಹಳೆಯ ಸೋಪನ್ನು ಉಗುರಿನಿಂದ ಕೆರೆದರು. ಆ ಚೂಪಿನ ಮೇಲೆ ಬೆರಳು ಓಡಿಸಿದರು, ಒಮ್ಮೆ ಆ ಕಡೆಯಿಂದ, ಒಮ್ಮೆ ಈ ಕಡೆಯಿಂದ.

“ಮೋನೆ, ಇದನ್ನು ಮಗುಚು.”

ಮಗುಚಲು ನನ್ನೊಬ್ಬನಿಂದ ಆಗಲಿಲ್ಲ. ಉಪ್ಪನನ್ನೂ ನೆರೆಮನೆಯ ಇಬ್ಬರನ್ನೂ ಕರೆದೆ, ಹಾರೆ ಹಾಕಿ ಎಬ್ಬಿಸಿದೆವು. ಮೇಲುಬದಿ ಸೋಪು, ಬಿಸಿಲು, ಬಡಿತಕ್ಕೆ ಬೂದಿ ಬಣ್ಣವಾಗಿತ್ತು. ಅಡಿಬದಿ ಕಪ್ಪಗೆ, ನಿನ್ನೆ ಕೆತ್ತಿದ ಹಾಗಿತ್ತು. ಚೂಪಿನ ಕೆಳಗೆ ಎಂಟು ಎಸಳಿನ ಹೂ.

ಉಪ್ಪ ಬಾವಿಕಟ್ಟೆಯ ಮೇಲೆ ಕೂತುಬಿಟ್ಟರು. “ನಾನೇ ತಂದದ್ದು” ಎಂದರು. ಮನೆ ಕಳಚಿ ಕೊನೆಯ ಗಾಡಿ ಹೇರುವಾಗ, ಪುನರ್ಪುಳಿ ಮರದ ಕೆಳಗೆ ತೋಡಿನಲ್ಲಿ ಕೆಸರು ಮೆತ್ತಿಕೊಂಡು, ಹೂವಿನ ಬದಿ ಅಡಿಯಾಗಿ, ಅರ್ಧ ಹೂತು ಬಿದ್ದಿತ್ತಂತೆ. ಮೇಲಿನ ಇಳಿಜಾರಿನಿಂದ ಯಾವುದೋ ಮಳೆಗಾಲಕ್ಕೆ ಜಾರಿ ಬಂದದ್ದು, ಅದು ನಮಗೆ ಈಗ ತಿಳಿಯುತ್ತದೆ. “ಇಷ್ಟು ಒಳ್ಳೆಯ ಕಲ್ಲು ನೀರಲ್ಲಿ ಬಿದ್ದಿದೆಯಲ್ಲ ಅಂತ ಎಣಿಸಿದೆ. ಹೊಸ ಮನೆಯಲ್ಲಿ ಅಕ್ಕನಿಗೆ ಬಟ್ಟೆ ಒಗೆಯಲಿಕ್ಕೆ ಆಗ್ತದೆ ಅಂತ ತಂದೆ. ನಿನಗೆ ಅಂತಲೇ ತಂದದ್ದು ಅಕ್ಕ.” ಐವತ್ತಾರು ವರ್ಷದ ಮನುಷ್ಯ, ಬಂದರಿನಲ್ಲಿ ಎಲ್ಲರನ್ನೂ ಬೈಯುವವರು, ಮುಖ ಮುಚ್ಚಿಕೊಂಡು ಅಳುತ್ತಿದ್ದರು.

ಮಾಮಿ ಅಳಲಿಲ್ಲ. ಅವರ ಮುಖದಲ್ಲಿದ್ದದ್ದನ್ನು ನಾನು ಸಂತೋಷ ಎಂದೇ ಹೇಳಬೇಕು. “ಕೂಗಬೇಡ ಮಾರಾಯ” ಎಂದು ಉಪ್ಪನ ತಲೆಯ ಮೇಲೆ ಕೈಯಿಟ್ಟರು. “ನಾನು ಅಲ್ಲಿಗೆ ಹೋಗುವ ಹಾಗಿರಲಿಲ್ಲ. ನೀನು ಉಮ್ಮನನ್ನು ಇಲ್ಲಿಗೆ ತಂದುಕೊಟ್ಟಿದ್ದಿ. ನನಗೆ ಬೇಜಾರಾದಾಗಲೆಲ್ಲ ಇದರ ಮೇಲೆ ಬಡಿದಿದ್ದೇನೆ. ಮಕ್ಕಳು ಉಮ್ಮನಿಗೆ ಅಲ್ಲದೆ ಯಾರಿಗೆ ಬಡಿಯುವುದು?”

ಈಗ ಪ್ರಶ್ನೆ ಬಂತು, ಕಲ್ಲನ್ನು ಏನು ಮಾಡುವುದು ಎಂದು. ಮಸೀದಿಯ ಗುರುಗಳಾದ ಮುಸ್ಲಿಯಾರರನ್ನು ಕೇಳಿದೆವು. ಅವರು ಗಡ್ಡ ನೀವಿಕೊಂಡು, “ಗೊತ್ತಿಲ್ಲದೆ ಆದದ್ದು ತಪ್ಪಲ್ಲ. ಯಾರದ್ದೋ ಅವರಿಗೆ ಕೊಡಿ” ಎಂದರು. ಅವರ ಎರಡು ಜುಬ್ಬಗಳು ಆಗ ನಮ್ಮ ಹಗ್ಗದಲ್ಲೇ ಒಣಗುತ್ತಿದ್ದವು, ಒಗೆದದ್ದು ಅದೇ ಕಲ್ಲಿನ ಮೇಲೆ. ಅವರು ಆ ಕಡೆ ನೋಡದೆ ಹೊರಟುಹೋದರು. ಕಲ್ಲು ಹೋಗಲೇಬೇಕು ಎಂದು ಮಾಮಿಗೂ ಗೊತ್ತಿತ್ತು. ಹೋದರೆ ಇನ್ನು ಮುಟ್ಟಲಿಕ್ಕಿಲ್ಲ ಎಂದೂ ಗೊತ್ತಿತ್ತು. ಒಂದು ದಿನ ಮಾತ್ರ ಕೇಳಿದರು.

ಗಾಡಿ ಬರುವ ದಿನ ಬೆಳಿಗ್ಗೆ ನಾನು ಎದ್ದು ಬರುವಾಗ ಮಾಮಿ ಕಲ್ಲನ್ನು ತೊಳೆಯುತ್ತಿದ್ದರು. ಬಡಿಯುವ ಹಾಗೆ ಅಲ್ಲ, ತಿಕ್ಕುವ ಹಾಗೆಯೂ ಅಲ್ಲ. ತಂಬಿಗೆಯಲ್ಲಿ ಸ್ವಲ್ಪ ಸ್ವಲ್ಪವೇ ನೀರು ಹೊಯ್ದು, ಮೆತ್ತನೆಯ ಬಟ್ಟೆಯಿಂದ ಮೊದಲು ಬಲಬದಿ, ಆಮೇಲೆ ಎಡಬದಿ. ಮಯ್ಯತ್ತಿಗೆ, ಅಂದರೆ ಸತ್ತವರ ಮೈಗೆ, ನೀರು ಹೊಯ್ಯುವ ಕ್ರಮ ಅದು. ಉಮ್ಮನಿಗೆ ನೀರು ಹೊಯ್ದ ದಿನ ಏಳು ವರ್ಷದ ಮಾಮಿಯನ್ನು ಕೋಣೆಯಿಂದ ಹೊರಗೆ ಕಳಿಸಿದ್ದಿರಬೇಕು, ತಮ್ಮನನ್ನು ನೋಡಿಕೋ ಎಂದು. ಅವರು ಅದನ್ನು ನನಗೆ ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಅದು ಶಾಸ್ತ್ರಕ್ಕೆ ಸರಿಯೋ ಅಲ್ಲವೋ ಎಂದು ತಿಳಿದವರು ಹೇಳಲಿ. ನಾನು ಬಾವಿಯಿಂದ ನೀರು ಸೇದಿ ಸೇದಿ ಅವರ ಪಕ್ಕ ಇಡುತ್ತಾ ಹೋದೆ, ಮುಗಿಯುವವರೆಗೆ.

ಉಪ್ಪ ಅಂಗಡಿಯಿಂದ ಹೊಸ ಹಗ್ಗ ತಂದಿದ್ದರು, ದೊಡ್ಡ ಮಂಜಿಗೆಂದು ಇಟ್ಟಿದ್ದದ್ದು. ಕಲ್ಲಿನ ನಾಲ್ಕು ಮೂಲೆಗೂ ಗೋಣಿ ಸುತ್ತಿ, ನೋವಾದೀತು ಎಂಬ ಹಾಗೆ ಮೆಲ್ಲಗೆ ಗಂಟು ಹಾಕಿದರು. ಹಾಕುತ್ತಾ, ತಲೆ ಎತ್ತದೆ ಕೇಳಿದರು, “ಅಕ್ಕ, ಉಮ್ಮ ಹೇಗಿದ್ದಳು?” ಐವತ್ತಾರು ವರ್ಷದಲ್ಲಿ ಅವರು ಆ ಪ್ರಶ್ನೆ ಕೇಳಿದ್ದು ಅದೇ ಮೊದಲು.

“ನಿನ್ನ ಹಾಗೆಯೇ” ಎಂದರು ಮಾಮಿ. “ಹೊರಗಿನವರಿಗೆ ಬೈಯುವುದು, ಒಳಗೆ ಬಂದು ಮುಖ ಮುಚ್ಚಿ ಕೂಗುವುದು.”

ನಾವು ಹೋಗಿ ಕಲ್ಲು ನಿಲ್ಲಿಸಿದೆವು. ದೂಮಣ್ಣ ಹಾರೆಯಿಂದ ನಡುವೆ ಗುಂಡಿ ತೋಡಿದ, ನಾನೂ ಉಪ್ಪನೂ ಹಿಡಿದು ಇಳಿಸಿದೆವು. ಮೂರೂ ಒಂದೇ ಗೆರೆಯಲ್ಲಿ ನಿಂತವು, ನಡುವಿನದ್ದು ಮಾತ್ರ ಬೂದಿ ಬಣ್ಣ. ಮುತ್ತಜ್ಜನಿಗೆಂದು ಮಾಡಿದ ಭಾಷಣಕ್ಕೆ ನಾನು ಮನಸ್ಸಿನಲ್ಲೇ ಅಜ್ಜಿಯ ಕ್ಷಮೆ ಕೇಳಿದೆ. ಸಂಜೆ ಮಾಮಿ ಬಾಗಿಲಲ್ಲಿ ಕಾದಿದ್ದರು.

“ಮೂರೂ ನಿಂತಿತಾ?”

“ನಿಂತಿತು.”

“ಪಕ್ಕದಲ್ಲಿ ಜಾಗ ಉಂಟಾ?”

“ಎಡಬದಿಗೆ ಉಂಟು ಮಾಮಿ. ಒಬ್ಬರಿಗೆ ಬೇಕಾದಷ್ಟು.”

“ನನಗೆ ಅಷ್ಟು ಸಾಕು” ಎಂದು ರೊಟ್ಟಿ ತಟ್ಟಲು ಹೋದರು.

ಮರುದಿನದಿಂದ ಮನೆಯಲ್ಲಿ ಒಗೆಯಲು ಕಲ್ಲಿಲ್ಲ. ಹೊಸ ಕಲ್ಲು ತರುವ ಎಂದರೆ ಮಾಮಿ ಒಪ್ಪಲಿಲ್ಲ. “ಎಲ್ಲಿಂದ ತರ್ತೀರೋ, ಯಾರದ್ದೋ. ಬೇಡವೇ ಬೇಡ” ಎಂದರು. ಹಾಗೆ ನಾನು ಸಿಮೆಂಟು ಕಲಸಿದೆ. ಅದರ ಫಲ ನಿಮಗೆ ಮೊದಲೇ ಹೇಳಿದ್ದೇನೆ. ಮಾಮಿ ಅದರ ಮೇಲೆ ಒಂಬತ್ತು ವರ್ಷ ಒಗೆದರು, ಪಾದ ಒದ್ದೆಯಾದಾಗಲೆಲ್ಲ ನನ್ನ ವಿದ್ಯೆಯನ್ನು ಹೊಗಳಿದರು. ಪ್ರತಿ ವರ್ಷ ಮಳೆಗೆ ಮೊದಲು ನಾನು ಹೋಗಿ ದೂಮಣ್ಣನ ಜೊತೆ ಕಾಡು ಸವರಿ, ಇಳಿಜಾರಿಗೆ ಕೆಂಪುಕಲ್ಲಿನ ಕಟ್ಟೆಯನ್ನು ಒಂದೊಂದೇ ಸಾಲು ಏರಿಸಿ ಬರುತ್ತಿದ್ದೆ. ಬುತ್ತಿ ಆಗಲೂ ಎರಡು ಕಟ್ಟು, ಎರಡರಲ್ಲೂ ಬಂಗುಡೆ. ಮಾಮಿಗೆ ಅಲ್ಲಿಯ ಪ್ರತಿಯೊಂದು ವಿವರ ಬೇಕು. ನಾನು ಹೇಳುತ್ತಿದ್ದೆ, ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಕೊನೆಕೊನೆಗೆ ಆ ಜಾಗ ನನಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು.

ಕೊನೆಯ ವರ್ಷ ಒಮ್ಮೆ ನನ್ನನ್ನು ಹತ್ತಿರ ಕರೆದರು. “ಮೋನೆ, ನನ್ನ ನಡುವಿನ ಕಲ್ಲನ್ನು ಗಟ್ಟಿಯಾಗಿ ಊರು. ಜಾರಿ ಹೋಗಿ ಯಾರದ್ದಾದರೂ ಬಾವಿಕಟ್ಟೆ ಸೇರೀತು” ಎಂದರು. ನಾನು ಆಗಲಿ ಎಂದೆ. ಎದ್ದು ಹೋಗಬೇಕು ಎನ್ನುವಾಗ ಕೈ ಹಿಡಿದು ಕೂರಿಸಿದರು.

“ಅಲ್ಲ, ಹೋದರೆ ಹೋಗಲಿ ಮಾರಾಯ. ಯಾವುದಾದರೂ ಮನೆಯ ಹೆಣ್ಣುಮಕ್ಕಳ ಕೈಗೆ ಸಿಗ್ತೇನೆ.”

ಅವರು ಹೋದದ್ದು ಒಂದು ಬೆಳಿಗ್ಗೆ, ನಿದ್ದೆಯಲ್ಲೇ. ಹೇಳಿದ ಹಾಗೆಯೇ ಉಮ್ಮನ ಎಡಬದಿಗೆ ಮಲಗಿಸಿದೆವು. ಕೆತ್ತಿದ ಕಲ್ಲುಗಳು ಬರಲು ಒಂದು ತಿಂಗಳಾಯಿತು. ನಾನೂ ದೂಮಣ್ಣನೂ ತಲೆಯದ್ದನ್ನೂ ಕಾಲಿನದ್ದನ್ನೂ ಎದೆಮಟ್ಟದ ಹಾರೆ ಅರ್ಧ ಮುಳುಗುವಷ್ಟು ಆಳಕ್ಕೆ ಊರಿದೆವು. ನಡುವಿನದ್ದಕ್ಕೆ ಅವನು ಗುಂಡಿ ತೋಡುತ್ತಾ, ಅವುಗಳ ಅರ್ಧ ಆಳ ಆದ ಮೇಲೆ ಹಾರೆ ನಿಲ್ಲಿಸಿ ನನ್ನ ಮುಖ ನೋಡಿದ.

“ಇನ್ನೂ ಸ್ವಲ್ಪ ಆಳ ಹೋಗುವನಾ ಮಾಷ್ಟ್ರೆ?”

“ಸಾಕು” ಎಂದೆ.